ಇಮಾಮಸಾಬರ ಟೇಪು, ನನ್ನ ಸಹಿ

ಇದು ನಾನು ನಿವೃತ್ತನಾದ ಎರಡನೇ ವರ್ಷದ ಮಾತು. ಅದಕ್ಕೂ ಮುಂಚೆ ಮೂವತ್ತಾರು ವರ್ಷ ರೈಲ್ವೆಯ ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗದಲ್ಲಿದ್ದೆ. ಸೇರಿದ್ದು ಫಿಟ್ಟರ್ ಆಗಿ, ಹೊರಬಿದ್ದದ್ದು ಸೀನಿಯರ್ ಸೆಕ್ಷನ್ ಎಂಜಿನಿಯರ್ ಆಗಿ. ಗೂಡ್ಸ್ ಗಾಡಿ ಯಾರ್ಡಿಗೆ ಬಂದು ನಿಂತಾಗ ಒಂದೊಂದು ವ್ಯಾಗನ್ನಿನ ಪಕ್ಕ ನಡೆದು, ಚಕ್ರ, ಸ್ಪ್ರಿಂಗ್, ಬ್ರೇಕ್, ಕಪ್ಲರ್ ನೋಡಿ, ಇದು ಮುಂದೆ ಹೋಗಬಹುದು, ಇದು ಹೋಗಬಾರದು ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಕಪ್ಲರ್ ಅಂದರೆ ಒಂದು ವ್ಯಾಗನ್ನು ಇನ್ನೊಂದನ್ನು ಹಿಡಿದುಕೊಳ್ಳುವ ಉಕ್ಕಿನ ಕೊಂಡಿ. ನನ್ನ ಸಹಿ ಬಿದ್ದ ಗಾಡಿ ಕಪ್ಲರ್ ಬಿಟ್ಟು ಎರಡು ತುಂಡಾಗಿ ದಾರಿಯಲ್ಲಿ ನಿಂತದ್ದು ಮೂವತ್ತಾರು ವರ್ಷದಲ್ಲಿ ಒಮ್ಮೆಯೂ ಇಲ್ಲ. ಇದನ್ನು ನಾನು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಕೇಳದವರಿಗೂ ಹೇಳುತ್ತಿದ್ದೆ ಎಂದು ನನ್ನ ಹೆಂಡತಿ ಗಿರಿಜಾ ಸೇರಿಸುತ್ತಾಳೆ.

ನನ್ನ ಹುಟ್ಟೂರು ಯಾದಗಿರಿ ಪಕ್ಕದ ಮುದನಾಳ. ನಿವೃತ್ತಿಯ ಮೇಲೆ ಮನೆ ಮಾಡಿದ್ದು ಶಹಾಪುರದಲ್ಲಿ. ಶಹಾಪುರಕ್ಕೆ ರೈಲಿಲ್ಲ, ಅದೇ ಅದರ ಗುಣ ಎಂದು ನಾನು ಭಾವಿಸಿದ್ದೆ. ಅಲ್ಲಿಂದ ಇನ್ನೂ ಮುಂದಿರುವ ಸುರಪುರಕ್ಕೂ ರೈಲಿಲ್ಲ. ಆ ಕಡೆಯ ಜನ ರೈಲು ನೋಡಬೇಕಾದರೆ ಬಸ್ಸು ಹತ್ತಿ, ಭೀಮಾ ಹೊಳೆ ದಾಟಿ ಯಾದಗಿರಿಗೇ ಬರಬೇಕು. ಹಾಗಿದ್ದ ಮೇಲೆ ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯಿಂದ ಒಬ್ಬ ಹೆಣ್ಣುಮಗಳು ನಮ್ಮ ಮನೆ ಹುಡುಕಿಕೊಂಡು ಬಂದು, ರಟ್ಟಿನ ಡಬ್ಬಿಯೊಂದನ್ನು ಮುಂದಿಟ್ಟು, ನಾವು ವ್ಯಾಗನ್ ತಯಾರಿಸುತ್ತೇವೆ ಎಂದಾಗ ನಾನು ನಕ್ಕುಬಿಟ್ಟೆ.

ಅವಳ ಹೆಸರು ರಜಿಯಾ. ವಯಸ್ಸು ನಲವತ್ತರ ಹತ್ತಿರ. ಐ.ಟಿ.ಐ.ಯಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸ್ ಮುಗಿಸಿ, ಕಲಬುರಗಿಯ ಒಬ್ಬ ಎಂಜಿನಿಯರರ ಬಳಿ ಹದಿನೈದು ವರ್ಷ ಮನೆಗಳ ನಕ್ಷೆ ಬರೆದವಳು. ಅದನ್ನು ಬಿಟ್ಟು ಊರಿಗೆ ಬಂದು, ಬಡಗಿಯಾದ ತಂದೆಯ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಲೇಸರ್ ಯಂತ್ರ ಕೂರಿಸಿ, ಐದು ಹೆಂಗಸರನ್ನು ಸೇರಿಸಿಕೊಂಡು ಮಾದರಿ ರೈಲಿನ ಕಿಟ್ ಮಾಡುತ್ತಿದ್ದಳು. ಕಿಟ್ ಅಂದರೆ ಪೂರ್ತಿ ಆಟಿಕೆಯಲ್ಲ. ತೆಳು ಪ್ಲೈವುಡ್ಡಿನಲ್ಲಿ ಕೊಯ್ದ ಗೋಡೆ, ಬಾಗಿಲು, ಮಾಡು, ಅಡಿಗಟ್ಟು, ಜೊತೆಗೆ ಹೊರಗಿನಿಂದ ತರಿಸಿದ ಪುಟ್ಟ ಚಕ್ರ ಮತ್ತು ಕಪ್ಲರ್, ಎಲ್ಲವನ್ನೂ ಬಿಡಿಯಾಗಿ ಡಬ್ಬಿಯಲ್ಲಿಟ್ಟು ಕೊಡುವುದು. ಕೊಂಡವರು ಮನೆಯಲ್ಲಿ ಕೂತು ಅಂಟಿಸಿ ವ್ಯಾಗನ್ ಮಾಡಿಕೊಂಡು, ಟೇಬಲ್ ಮೇಲಿನ ಹಳಿಯಲ್ಲಿ ಓಡಿಸುತ್ತಾರೆ. ದೊಡ್ಡ ದೊಡ್ಡ ಹುದ್ದೆಯವರು, ಡಾಕ್ಟರುಗಳು ಇದಕ್ಕೆ ಜೀವ ಬಿಡುತ್ತಾರಂತೆ. ಪುಣೆಯ ಒಂದು ಹವ್ಯಾಸಿ ಸಾಮಾನಿನ ಅಂಗಡಿ ಅರವತ್ತು ಕಿಟ್ ಕೇಳಿತ್ತು. ಅವು ಗೆದ್ದರೆ ಮುಂದೆ ಇನ್ನೂರು.

ಪುಣೆಯವರು ಒಂದು ಶರತ್ತು ಹಾಕಿದ್ದರು. ನಿಜವಾದ ವ್ಯಾಗನ್ ಬಲ್ಲ ಯಾರಾದರೂ ಇದನ್ನು ಪರೀಕ್ಷಿಸಿ ಬರೆದುಕೊಟ್ಟರೆ ಗಿರಾಕಿಗಳಿಗೆ ನಂಬಿಕೆ ಬರುತ್ತದೆ ಎಂಬುದು ಅವರ ಮಾತು.

“ಕಾಕಾರ, ನೀವು ಖರೇ ವ್ಯಾಗನ್ ಪಾಸ್ ಮಾಡಿದವ್ರು. ನಮ್ಮವೂ ಜರಾ ನೋಡಿ ಪಾಸ್ ಮಾಡ್ರಿ. ಚಲೋ ಇರದಿದ್ರ ಇಲ್ಲ ಅನ್ರಿ, ನಾ ಸಿಟ್ಟಾಗೂದಿಲ್ಲ” ಎಂದಳು ರಜಿಯಾ.

ಡಬ್ಬಿ ತೆರೆದಾಗ ನನ್ನ ನಗೆ ನಿಂತುಹೋಯಿತು. ಒಳಗಿದ್ದದ್ದು ಸಿಮೆಂಟು, ಗೊಬ್ಬರ, ಅಕ್ಕಿಯ ಚೀಲ ಸಾಗಿಸುವ ಮುಚ್ಚಿದ ವ್ಯಾಗನ್ನಿನ ಮಾದರಿ. ನಲವತ್ತೆಂಟರಲ್ಲಿ ಒಂದು ಪಾಲು, ಅಂದರೆ ನಿಜವಾದ ವ್ಯಾಗನ್ನಿನ ನಲವತ್ತೆಂಟು ಮಿಲಿಮೀಟರ್ ಇಲ್ಲಿ ಒಂದು ಮಿಲಿಮೀಟರ್. ಉದ್ದ ಒಂದು ಅಡಿಗೆ ಸ್ವಲ್ಪ ಕಡಿಮೆ. ಬಾಗಿಲಿನ ಕೊಂಡಿ, ರಿವೆಟ್ಟು, ಹ್ಯಾಂಡ್‌ಬ್ರೇಕಿನ ಚಕ್ರ ಎಲ್ಲ ಇದ್ದವು. ಹಮಾಲರು ಹತ್ತಿ ಇಳಿದು ಸವೆದ ಬಾಗಿಲ ಕೆಳಗಿನ ಪಟ್ಟಿ ಕೂಡ ಸವೆದ ಹಾಗೇ ಇತ್ತು. ಅದನ್ನು ಕಂಡು ನನಗೆ ಯಾರ್ಡಿನ ನೆನಪು ಬಂದು, ಆ ಪಟ್ಟಿಯನ್ನು ಬೆರಳಿಂದ ಸವರುತ್ತ ಕೂತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆ, ಆದರೂ ಅದು ನಿಜ.

ಮುಂದಿನ ವಾರವೇ ರಂಗಂಪೇಟೆಗೆ ಹೋದೆ. ಅಂಗಡಿಯ ಮುಂದೆ ರಜಿಯಾಳ ತಂದೆ ಇಮಾಮಸಾಬರು ಚೌಕಟ್ಟು ಕೆತ್ತುತ್ತ ಕೂತಿದ್ದರು. ಎಪ್ಪತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ಸೊಂಟದಲ್ಲಿ ಸದಾ ಒಂದು ಉಕ್ಕಿನ ಟೇಪು. ಸುರಪುರ ಸೀಮೆಯಲ್ಲಿ ಹಳೆಯ ಮನೆಗಳಿಗೆ ಅವರಷ್ಟು ಬಾಗಿಲು ಕೂರಿಸಿದವರು ಇನ್ನೊಬ್ಬರಿಲ್ಲ. ಒಂದು ಸಲ ಅಳೆದರೆ ಎರಡನೇ ಸಲ ಅಳೆಯುವುದಿಲ್ಲ, ಕೂರಿಸಿದ ಬಾಗಿಲನ್ನು ಎರಡನೇ ಸಲ ಹೆರೆಯುವುದಿಲ್ಲ ಎಂದು ಜನ ಹೇಳುತ್ತಿದ್ದರು. ತಿಂಥಣಿಯಲ್ಲಿ ಹೊಳೆ ದಂಡೆಯ ಒಂದು ಮನೆಗೆ ಅವರು ಕೂರಿಸಿದ ಬಾಗಿಲು ಎರಡು ಸಲ ನೀರು ಹೊಕ್ಕರೂ ಬಿಗಿಯಾಗಲಿಲ್ಲವಂತೆ. ಕಿಟ್ಟಿನ ಅಳತೆಗಳನ್ನೆಲ್ಲ ಅವರೇ ಯಾದಗಿರಿ ಗೂಡ್ಸ್ ಶೆಡ್ಡಿಗೆ ಹೋಗಿ, ಅಲ್ಲಿಯವರ ಅನುಮತಿ ಪಡೆದು, ನಿಂತ ವ್ಯಾಗನ್ನಿನಿಂದ ತೆಗೆದಿದ್ದರು. ಅದನ್ನು ನೋಡಿಯೇ ರಜಿಯಾ ನಕ್ಷೆ ಬರೆದಿದ್ದಳು.

ಎರಡು ದಿನ ಕೂತು ಕಿಟ್ಟುಗಳನ್ನು ಪರೀಕ್ಷಿಸಿದೆ. ಇಂಥದ್ದನ್ನು ಹೇಗೆ ತೂಗಿ ನೋಡಬೇಕು ಎಂದು ಯಾರೂ ನನಗೆ ಕಲಿಸಿರಲಿಲ್ಲ, ಯಾರ್ಡಿನ ರೂಢಿಯನ್ನೇ ಹಿಡಿದೆ. ಭಾಗಗಳು ಉಜ್ಜದೆ, ತುರುಕದೆ ಒಂದಕ್ಕೊಂದು ಕೂರುತ್ತವೆಯೇ ನೋಡಿದೆ. ಮೂಲೆ ನೇರವಿದೆಯೇ ಎಂದು ಗುನ್ಯಾ ಹಿಡಿದೆ. ಲೇಸರ್ ಸುಟ್ಟ ಕಪ್ಪು ಅಂಚು ಎಲ್ಲಾದರೂ ಹೊರಗೆ ಕಾಣುತ್ತದೆಯೇ ಎಂದು ಬೆಳಕಿಗೆ ಹಿಡಿದೆ. ಎರಡು ಚಕ್ರಗಳ ನಡುವಿನ ಅಂತರ, ಕಪ್ಲರಿನ ಎತ್ತರ ಇವನ್ನು ಸೂಕ್ಷ್ಮ ಅಳತೆಯ ವರ್ನಿಯರಿನಲ್ಲಿ ಅಳೆದೆ. ಬೆರಳಿಂದ ತಳ್ಳಿದರೆ ಎಷ್ಟು ದೂರ ಉರುಳುತ್ತದೆ ಎಂದು ನೋಡಿದೆ. ಮೈಮೇಲಿನ ಅಕ್ಷರ, ಅಂಕಿ ಓದಿದೆ. ಆರು ವ್ಯಾಗನ್ ಕಟ್ಟಿಸಿ, ಕಪ್ಲರ್ ಹಾಕಿ, ಸಪಾಟು ಹಲಗೆಯ ಮೇಲಿನ ನೇರ ಹಳಿಯಲ್ಲಿ ಎಳೆಸಿದೆ. ಒಂದೂ ಬಿಡಲಿಲ್ಲ. ಮೂವತ್ತಾರು ವರ್ಷದ ನನ್ನ ಸಹಿಯನ್ನು ಅರವತ್ತು ಚೀಟಿಗಳ ಮೇಲೆ ಹಾಕಿದೆ. ರಜಿಯಾ ಒಂದೊಂದು ಡಬ್ಬಿಯಲ್ಲಿ ಒಂದೊಂದು ಚೀಟಿ ಇಟ್ಟು ಪುಣೆಗೆ ಕಳಿಸಿದಳು.

ಒಂದೂವರೆ ತಿಂಗಳ ಮೇಲೆ ಅವಳ ಫೋನ್ ಬಂತು. ದನಿ ಬದಲಾಗಿತ್ತು. ಪುಣೆಯವರು ಕಟ್ಟಿದ ಎರಡು ವ್ಯಾಗನ್ ವಾಪಸ್ ಕಳಿಸಿ, ಜೊತೆಗೆ ಕಾಗದ ಬರೆದಿದ್ದರು. ಗಾಡಿ ಏರು ಹತ್ತುವ ಕಡೆ ನಡುವೆ ಬಿಟ್ಟುಹೋಗುತ್ತಿದೆ, ಕೆಲವರ ಮನೆಯಲ್ಲಿ ಹೀಗಾಗುತ್ತಿದೆ, ಕೆಲವರ ಮನೆಯಲ್ಲಿ ಆಗುತ್ತಿಲ್ಲ, ಹದಿನೈದು ದಿನದೊಳಗೆ ಕಾರಣ ಮತ್ತು ಪರಿಹಾರ ಎರಡೂ ಸಿಗದಿದ್ದರೆ ಅರವತ್ತನ್ನೂ ಹಿಂದಿರುಗಿಸುತ್ತೇವೆ ಎಂದಿತ್ತು ಕಾಗದ. ಇನ್ನೂರರ ಮಾತು ಅಲ್ಲಿ ಇರಲೇ ಇಲ್ಲ. ಅವು ಹಿಂದೆ ಬಂದರೆ ರಜಿಯಾಳ ಕೆಲಸ ಅಲ್ಲಿಗೆ ಮುಗಿದಂತೆ. ಆ ಐದು ಹೆಂಗಸರು ಮತ್ತೆ ಹತ್ತಿ ಬಿಡಿಸಲು ಹೊಲಕ್ಕೆ ಹೋಗಬೇಕಿತ್ತು. ಕಾಗದದ ಕೊನೆಗೆ ಇನ್ನೊಂದು ಸಾಲಿತ್ತು: ಪರೀಕ್ಷಕರ ಚೀಟಿ ಡಬ್ಬಿಯಲ್ಲಿ ಇದ್ದದ್ದನ್ನು ಗಿರಾಕಿಗಳು ವಿಶೇಷವಾಗಿ ಎತ್ತಿ ತೋರಿಸುತ್ತಿದ್ದಾರೆ.

ಆ ಸಾಲು ನನಗೆ ನಾಟಿತು. ಮೊದಲು ನಾನು ಮಾಡಿದ್ದು ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಪುಣೆಯವರ ಹಳಿಯನ್ನೇ ಬೈದದ್ದು. ನಾನು ಪಾಸ್ ಮಾಡಿದ ಮಾಲು ಹಾಗೆ ಬಿಡುವುದಿಲ್ಲ, ಅವರ ಏರೇ ಸರಿಯಿಲ್ಲ ಎಂದು ಮನೆಯಲ್ಲಿ ಕೂಗಾಡಿದೆ. ಗಿರಿಜಾ ಚಹಾ ತಂದಿಟ್ಟು, ಹಾಗಾದರೆ ಏರು ಮಾಡಿ ನೋಡಬಹುದಲ್ಲ ಎಂದಳು. ಮರುದಿನ ಮೊದಲ ಬಸ್ಸಿಗೆ ಹತ್ತಿದೆ. ಕಾರಣ ಸಿಗುವವರೆಗೆ ದಿನಾ ಬರುತ್ತೇನೆ ಎಂದು ರಜಿಯಾಳಿಗೆ ಹೇಳಿದೆ. ಹೇಳಿದ ಹಾಗೇ ಮಾಡಿದೆ.

ಪಡಸಾಲೆಯಲ್ಲಿ ಹಲಗೆಗೆ ಇಟ್ಟಿಗೆ ಕೊಟ್ಟು ಏರು ಮಾಡಿದೆವು. ಆರು ವ್ಯಾಗನ್ ಹೊರಟವು. ಗಾಡಿ ಏರಿನ ಬುಡ ದಾಟಿತು, ನೆತ್ತಿಗೆ ಬಂತು, ಮೂರನೆಯ ವ್ಯಾಗನ್ನಿನ ಹಿಂದೆ ಎರಡಾಯಿತು. ನನ್ನ ಸಹಿ ಬಿದ್ದ ಗಾಡಿ ನನ್ನ ಕಣ್ಣೆದುರಿಗೇ ತುಂಡಾದದ್ದು ಅದೇ ಮೊದಲು. ಕೆಲಸದ ಹೆಂಗಸರು ನನ್ನ ಮುಖ ನೋಡಲಿಲ್ಲ. ನೋಡದಿದ್ದದ್ದೇ ಹೆಚ್ಚು ಚುಚ್ಚಿತು.

ಆರು ದಿನ ಒಂದೊಂದೇ ಸಂಶಯ ತೆಗೆದೆ. ಯಾರ್ಡಿನಲ್ಲಿ ಗಾಡಿ ಬಿಟ್ಟರೆ ಮೊದಲು ಕಪ್ಲರ್ ನೋಡುತ್ತಾರೆ, ಆದ್ದರಿಂದ ಎಲ್ಲ ಕಪ್ಲರ್ ಬಿಚ್ಚಿ ಅದಲುಬದಲು ಮಾಡಿದೆ. ಆದರೂ ಬಿಟ್ಟಿತು. ತೂಕ ಕಡಿಮೆ ಇರಬಹುದು, ಖಾಲಿ ವ್ಯಾಗನ್ ತಿರುವಿನಲ್ಲಿ ಜಿಗಿಯುವುದನ್ನು ನಾನೇ ಕಂಡಿದ್ದೇನೆ ಎಂದು ಒಳಗೆ ಕಬ್ಬಿಣದ ವಾಷರ್ ಅಂಟಿಸಿದೆ. ಆದರೂ ಬಿಟ್ಟಿತು. ಚಕ್ರ ಬದಲಿಸಿದೆ. ಏರನ್ನು ಸಣ್ಣದು ಮಾಡಿದೆ. ಬಿಡುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಪ್ರತಿ ಸಲ ಯಾವ ಜಾಗದಲ್ಲಿ, ಯಾವ ಎರಡರ ನಡುವೆ ಬಿಟ್ಟಿತು ಎಂದು ರಜಿಯಾ ಪಟ್ಟಿ ಬರೆಯುತ್ತಿದ್ದಳು. ನೀವೇ ಪಾಸ್ ಮಾಡಿದ್ದಿರಲ್ಲ ಎಂದು ಅವಳು ಒಂದು ಸಲವಾದರೂ ಅನ್ನಬಹುದಿತ್ತು, ಅನ್ನಲಿಲ್ಲ. ಇಮಾಮಸಾಬರು ಹೊರಗೆ ಉಳಿ ಹೊಡೆಯುತ್ತ, ಪ್ರತಿ ಸಲ ಗಾಡಿ ಬಿಟ್ಟ ಟಕ್ ಸದ್ದಿಗೆ ಕೈ ತಡೆದು, ಮತ್ತೆ ಹೊಡೆಯುತ್ತಿದ್ದರು.

ಏಳನೇ ದಿನ ಪಟ್ಟಿ ಮುಂದಿಟ್ಟುಕೊಂಡು ಕೂತಾಗ ಒಂದು ಸಂಗತಿ ಕಂಡಿತು. ವ್ಯಾಗನ್ನಿನ ಒಂದು ತುದಿಯ ಬಳಿ ಹ್ಯಾಂಡ್‌ಬ್ರೇಕ್ ಚಕ್ರ ಇರುತ್ತದೆ, ಇನ್ನೊಂದು ತುದಿಯಲ್ಲಿ ಇಲ್ಲ. ಬ್ರೇಕ್ ತುದಿಗೆ ಬ್ರೇಕ್ ತುದಿ ಮುಖ ಮಾಡಿ ನಿಂತ ಕಡೆ ಒಮ್ಮೆಯೂ ಬಿಟ್ಟಿರಲಿಲ್ಲ. ಬೋಳು ತುದಿಗೆ ಬೋಳು ತುದಿ ಕೂಡಿದಲ್ಲೂ ಬಿಟ್ಟಿರಲಿಲ್ಲ. ಬಿಟ್ಟದ್ದೆಲ್ಲ ಬ್ರೇಕ್ ತುದಿಗೆ ಬೋಳು ತುದಿ ಕೂಡಿದ ಕಡೆಯೇ. ಹಾಗಾದರೆ ಎರಡು ತುದಿ ಒಂದೇ ಸಮ ಇಲ್ಲ.

ಅಂಟಿಸುವ ಕೆಲಸಕ್ಕೆಂದು ಅವರ ಬಳಿ ದಪ್ಪ ಗಾಜಿನ ಹಲಗೆ ಇತ್ತು. ಅದರ ಮೇಲೆ ವ್ಯಾಗನ್ ನಿಲ್ಲಿಸಿ ಕಪ್ಲರಿನ ಎತ್ತರ ಅಳೆದೆ. ಬ್ರೇಕ್ ತುದಿ ಇಪ್ಪತ್ತೆರಡು ಪಾಯಿಂಟ್ ಎಂಟು ಮಿಲಿಮೀಟರ್. ಬೋಳು ತುದಿ ಇಪ್ಪತ್ತೊಂದು ಪಾಯಿಂಟ್ ಎಂಟು. ಎರಡನೆಯದು ತೆಗೆದುಕೊಂಡೆ, ಮೂರನೆಯದು, ಆರನೆಯದು. ಎಲ್ಲದರಲ್ಲೂ ಅದೇ ಒಂದು ಮಿಲಿಮೀಟರ್. ಈ ಪುಟ್ಟ ಕಪ್ಲರ್ ಒಂದನ್ನೊಂದು ಹಿಡಿಯುವ ಜಾಗವೇ ಮೂರು ಮಿಲಿಮೀಟರ್ ಇಲ್ಲ. ಸಪಾಟು ಹಳಿಯಲ್ಲಿ ಹೇಗೋ ಹಿಡಿದುಕೊಳ್ಳುತ್ತವೆ, ಏರಿನ ನೆತ್ತಿಯಲ್ಲಿ ಒಂದು ಮೇಲೆದ್ದು ಒಂದು ಕೆಳಗಿಳಿದಾಗ ಕೈ ಬಿಡುತ್ತವೆ. ಎಲ್ಲದರಲ್ಲೂ ಒಂದೇ ತಪ್ಪು ಇದ್ದ ಮೇಲೆ ಅದು ಕಟ್ಟಿದವರದ್ದಲ್ಲ, ನಕ್ಷೆಯದ್ದು.

ರಜಿಯಾ ಕಂಪ್ಯೂಟರ್ ತೆರೆದಳು. ನಕ್ಷೆಯಲ್ಲೇ ಎರಡು ತುದಿಗೆ ಎರಡು ಎತ್ತರ ಇತ್ತು. ಏಕೆ ಹೀಗೆ ಬರೆದೆ ಎಂದು ಕೇಳಿದೆ. ದನಿ ಸ್ವಲ್ಪ ಏರಿತ್ತು ಎಂದು ಕಾಣುತ್ತದೆ. ಅವಳು ತಂದೆಯ ಅಳತೆ ಪುಸ್ತಕ ತಂದು ಮುಂದೆ ಹಿಡಿದಳು. ಉರ್ದು ಅಂಕಿಗಳಲ್ಲಿ, ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಅವಳೇ ಓದಿ ಹೇಳಿದಳು. ಬೋಳು ತುದಿ ನಲವತ್ತೊಂದು ಇಂಚು ಎರಡು ಸೂತು, ಬ್ರೇಕ್ ತುದಿ ನಲವತ್ತಮೂರು ಇಂಚು ಒಂದು ಸೂತು. ಸೂತು ಅಂದರೆ ಬಡಗಿಗಳ ಲೆಕ್ಕದಲ್ಲಿ ಇಂಚಿನ ಎಂಟನೇ ಒಂದು ಭಾಗ. ಹೆಚ್ಚೂಕಡಿಮೆ ಎರಡು ಇಂಚಿನ ಅಂತರ. ನಲವತ್ತೆಂಟರಿಂದ ಭಾಗಿಸಿದರೆ ಸರಿಯಾಗಿ ಆ ಒಂದು ಮಿಲಿಮೀಟರ್.

ರಜಿಯಾ ದನಿ ತಗ್ಗಿಸಿದಳು. “ನಮ್ಮನ್ಯಾಗ ಅಬ್ಬಾನ ಅಳತಿ ಯಾರೂ ತಿದ್ದೂದಿಲ್ರಿ ಕಾಕಾ. ಹಳೇ ಮನಿ ಗ್ವಾಡಿ ಎರಡೂ ಕಡಿ ಒಂದ ಸಮ ಇರೂದಿಲ್ಲ. ಈ ಕಡಿದು ಬ್ಯಾರೆ, ಆ ಕಡಿದು ಬ್ಯಾರೆ ಅಳದು, ಇದ್ದಂಗ ಚೌಕಟ್ಟು ಮಾಡಬೇಕು. ಸಮ ಇರಬೇಕು ಅಂತ ನಾವು ತಿದ್ದಿದ್ರ ಬಾಗಲಾ ಕೂಡೂದಿಲ್ಲ.”

ನನಗೆ ಆಗ ಅರ್ಥವಾಯಿತು. ರೈಲ್ವೆಯವನಾಗಿದ್ದರೆ ವ್ಯಾಗನ್ನಿನ ಒಂದು ತುದಿ ಅಳೆದು, ಇನ್ನೊಂದೂ ಅಷ್ಟೇ ಎಂದು ಸುಮ್ಮನಾಗುತ್ತಿದ್ದ. ಐವತ್ತು ವರ್ಷ ಡೊಂಕು ಗೋಡೆಗಳ ಜೊತೆ ಬಾಳಿದ ಬಡಗಿಗೆ ಎರಡು ಕಡೆ ಸಮ ಎಂದು ನಂಬುವುದೇ ಗೊತ್ತಿಲ್ಲ. ಆದರೂ ಎರಡು ಇಂಚು ಹೇಗೆ ಬಂತು?

ಇಮಾಮಸಾಬರನ್ನು ಒಳಗೆ ಕರೆದೆವು. ಗಾಜಿನ ಮೇಲಿನ ವ್ಯಾಗನ್ ತೋರಿಸಿ, ಅಂತರ ಹೇಳಿದೆ. ಅವರು ತುಂಬಾ ಹೊತ್ತು ನೋಡಿದರು. ಮಗಳನ್ನು ನೋಡಲಿಲ್ಲ. “ನನ್ನ ಟೇಪು ಸುಳ್ಳು ಹೇಳೂದಿಲ್ರಿ ಸಾಹೇಬ್ರ. ಕಣ್ಣು ಸುಳ್ಳು ಹೇಳೇದ ಅಂದ್ರ, ವಯಸ್ಸಾತು, ಇನ್ ಬಿಡ್ತೀನಿ” ಎಂದರು. ಸೊಂಟದ ಟೇಪು ಬಿಚ್ಚಿ ಗಾಜಿನ ಮೇಲಿಟ್ಟು ಹೊರಗೆ ಹೋದರು. ರಜಿಯಾ ಬಾಗಿಲ ತನಕ ಓಡಿ ನಿಂತಳು. ಹಿಂದಿರುಗಿದಾಗ ಅವಳ ಕಣ್ಣು ತುಂಬಿತ್ತು. ಅರವತ್ತು ಕಿಟ್ಟು ಹಾಳಾಗಿ ಹೋಗಲಿ, ಅಬ್ಬಾ ಟೇಪು ಕೆಳಗಿಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ ಎಂದಳು.

ನಾನು ಪುಸ್ತಕ ಮತ್ತೊಮ್ಮೆ ನೋಡಿದೆ. ನಲವತ್ತೊಂದು ಎರಡು, ನಲವತ್ತಮೂರು ಒಂದು. ಮಿಲಿಮೀಟರಿಗೆ ತಿರುಗಿಸಿದೆ. ಸಾವಿರದ ನಲವತ್ತೆಂಟು, ಸಾವಿರದ ತೊಂಬತ್ತೈದು. ಈ ಅಂಕಿಗಳು ನನಗೆ ಹಳೆಯ ನೆಂಟರು. ರೈಲ್ವೆಯಲ್ಲಿ ಕಪ್ಲರಿನ ಎತ್ತರ ಖಾಲಿ ವ್ಯಾಗನ್ನಿನಲ್ಲಿ ಸಾವಿರದ ನೂರೈದು ಮಿಲಿಮೀಟರ್ ಮೀರಬಾರದು, ತುಂಬಿದ್ದರಲ್ಲಿ ಸಾವಿರದ ಮೂವತ್ತಕ್ಕಿಂತ ಇಳಿಯಬಾರದು. ಅರವತ್ತು ಟನ್ ಹೇರಿದರೆ ಸ್ಪ್ರಿಂಗ್ ಕುಗ್ಗಿ ವ್ಯಾಗನ್ ಕೆಳಗೆ ಕೂರುತ್ತದೆ, ಇಳಿಸಿದರೆ ಏಳುತ್ತದೆ. ಇಮಾಮಸಾಬರ ಒಂದು ಅಂಕಿ ತುಂಬಿದ ವ್ಯಾಗನ್ನಿನದು. ಇನ್ನೊಂದು ಖಾಲಿಯದು.

ಹೊರಗೆ ಹೋಗಿ ಅವರ ಪಕ್ಕ ಮರದ ಪುಡಿಯಲ್ಲೇ ಕೂತೆ. ಯಾವ ತುದಿ ಯಾವಾಗ ಅಳೆದಿರಿ ಎಂದು ಕೇಳಿದೆ. ಅವರು ನೆನಪು ಮಾಡಿಕೊಂಡು ಹೇಳಿದರು. ಮುಂಜಾನೆ ಸುರಪುರದ ಬಸ್ಸಿಳಿದು ನೇರ ಶೆಡ್ಡಿಗೆ ಹೋಗಿದ್ದರು. ಕೊನೆಯ ವ್ಯಾಗನ್ನಿನ ಬೋಳು ತುದಿ ಅಳೆಯುವಷ್ಟರಲ್ಲಿ ಹಮಾಲರು ಸಿಮೆಂಟ್ ಚೀಲ ಇಳಿಸಲು ಶುರು ಮಾಡಿದರು. ದುಡಿಯುವವರ ಕೈಗೆ ಅಡ್ಡ ಬರಬಾರದು ಎಂದು ಇವರು ಗಿಡದ ನೆರಳಿಗೆ ಹೋಗಿ ಕೂತರು. ಹಮಾಲರು ವ್ಯಾಗನ್ ಖಾಲಿ ಮಾಡಿ ರೊಟ್ಟಿ ಬಿಚ್ಚಿದಾಗ ಎದ್ದು ಹೋಗಿ ಬ್ರೇಕ್ ತುದಿ ಅಳೆದರು.

ನಾನು ಅಲ್ಲೇ ಕಾರಣ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಟೇಪು ಕೆಳಗಿಟ್ಟ ಮನುಷ್ಯನಿಗೆ ಬಾಯಿಮಾತಿನ ಸಮಾಧಾನ ಸಾಲದು. ಅವರೇ ಅಳೆಯಬೇಕು ಎಂದು ನಿಶ್ಚಯಿಸಿ, ಯಾದಗಿರಿ ಶೆಡ್ಡಿನ ಪರಿಚಯದವರಿಗೆ ಫೋನ್ ಮಾಡಿದೆ. ಸಿಮೆಂಟ್ ಗಾಡಿ ಮೂರು ದಿನಕ್ಕೆ ಬರುತ್ತದೆ ಎಂದರು. ಅಷ್ಟರಲ್ಲಿ ಹತ್ತು ದಿನ ಕಳೆಯುತ್ತಿತ್ತು. ಬರಲಿ ಎಂದೆ.

ಆ ದಿನ ಅಪ್ಪ ಮಗಳು ಸುರಪುರದಿಂದ ಬಂದ ಬಸ್ಸನ್ನು ನಾನು ಶಹಾಪುರದಲ್ಲಿ ಹತ್ತಿದೆ. ಟೇಪು ನನ್ನ ಚೀಲದಲ್ಲಿತ್ತು. ಶೆಡ್ಡಿನವರ ಅನುಮತಿ ಪಡೆದು, ಕೊನೆಯ ವ್ಯಾಗನ್ನಿನ ಬಳಿ ನಿಂತು ಟೇಪನ್ನು ಅವರ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. ಟೇಪು ತೆಗೆದುಕೊಳ್ಳದಿದ್ದರೆ ನಾನು ಇಲ್ಲಿಂದ ಕದಲುವುದಿಲ್ಲ ಎಂದೆ. ನಾನು ಹಟಮಾರಿ ಎಂಬುದು ಅಷ್ಟು ದಿನದಲ್ಲಿ ಅವರಿಗೂ ತಿಳಿದಿತ್ತು. ತೆಗೆದುಕೊಂಡು, ಕೂತು, ಒಂದೇ ತುದಿ ಅಳೆದರು. ನಲವತ್ತೊಂದು ಇಂಚು ಮೂರು ಸೂತು. ರಜಿಯಾ ಬರೆದುಕೊಂಡಳು. ಆಮೇಲೆ ಮೂವರೂ ಅದೇ ಗಿಡದ ನೆರಳಿಗೆ ಹೋಗಿ ಕೂತೆವು.

ಹಮಾಲರು ಮಧ್ಯಾಹ್ನದ ಹೊತ್ತಿಗೆ ವ್ಯಾಗನ್ ಖಾಲಿ ಮಾಡಿದರು. ನಾನು ಇಮಾಮಸಾಬರನ್ನು ಮತ್ತೆ ಅದೇ ತುದಿಗೆ ಕರೆದೊಯ್ದೆ. ಅಳೆದದ್ದನ್ನು ಮತ್ತೆ ಅಳೆಯುವುದು ಅವರ ರೂಢಿಯಲ್ಲ, ಮುಖ ಬಿಗಿದುಕೊಂಡೇ ಕೂತರು. ಟೇಪು ಹಿಡಿದರು. ಅಂಕಿ ನೋಡಿದರು. ಟೇಪು ಸುತ್ತಿ, ಮತ್ತೆ ಬಿಚ್ಚಿ, ಮತ್ತೆ ಹಿಡಿದರು. ನಲವತ್ತಮೂರು ಇಂಚು ಒಂದು ಸೂತು. ಆಮೇಲೆ ಮೆಲ್ಲನೆ ಬೋಗಿಯ, ಅಂದರೆ ಚಕ್ರಗಳನ್ನು ಹೊತ್ತ ಚೌಕಟ್ಟಿನ ಕಡೆ ಸರಿದು, ಸ್ಪ್ರಿಂಗಿನ ಮೇಲೆ ಕೈಯಿಟ್ಟರು. ದನದ ಬೆನ್ನು ಮುಟ್ಟಿ ನೋಡುವ ಹಾಗೆ ಮುಟ್ಟಿದರು.

“ಗ್ವಾಡಿ ಬಾಗತಾವ್ರಿ ಸಾಹೇಬ್ರ, ನಾ ನೋಡೀನಿ. ಖರೆ ನಾವು ರೊಟ್ಟಿ ತಿಂದು ಬರೂದ್ರೊಳಗ ಯಾವ ಗ್ವಾಡಿನೂ ಎದ್ದು ನಿಂತದ್ದಿಲ್ಲ” ಎಂದರು.

“ನಿಮ್ಮ ಟೇಪು ಎರಡೂ ಸಲ ಖರೇನ ಹೇಳೇದ” ಎಂದೆ. “ವ್ಯಾಗನ್ ಏಳತದ, ಕುಂದರತದ ಅನ್ನೂದು ನಿಮಗ ಹೆಂಗ ಗೊತ್ತಿರಬೇಕು? ಗೊತ್ತಿದ್ದಾಂವ ನಾನೊಬ್ಬನ. ಆ ಕಡಿ ತುದಿ ನಾನ ಅಳೀಲಿಲ್ಲ. ತಪ್ಪು ನಂದು.”

ಅವರು ನನ್ನ ಮುಖವನ್ನೇ ನೋಡಿದರು. ಸಮಾಧಾನಕ್ಕೆ ಹೇಳುತ್ತಿದ್ದಾನೆಯೋ ಎಂದು ಅಳೆಯುತ್ತಿದ್ದರು ಎನಿಸಿತು. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಮೂವತ್ತಾರು ವರ್ಷ ದಿನವೂ ನೋಡಿದ ಸಂಗತಿ, ಸ್ಪ್ರಿಂಗ್ ಕುಗ್ಗುವುದು, ಏಳುವುದು. ಅರವತ್ತು ಚೀಟಿಗೆ ಸಹಿ ಹಾಕುವಾಗ ರಿವೆಟ್ಟಿನ ಅಂದ ನೋಡುತ್ತ, ಸವೆದ ಬಾಗಿಲಿಗೆ ಕರಗುತ್ತ, ಒಂದೇ ತುದಿಗೆ ವರ್ನಿಯರ್ ಹಿಡಿದು ಇನ್ನೊಂದೂ ಅಷ್ಟೇ ಎಂದುಕೊಂಡವನು ನಾನು. ಇಮಾಮಸಾಬರು ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ರಜಿಯಾ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಇನ್ನು ಪುಣೆಯವರ ಗಡುವಿಗೆ ಐದು ದಿನ ಉಳಿದಿತ್ತು. ಪರಿಹಾರ ಕಷ್ಟವಿರಲಿಲ್ಲ. ಸವೆದ ಚಕ್ರದ ವ್ಯಾಗನ್ ತಗ್ಗಿದಾಗ ಯಾರ್ಡಿನಲ್ಲಿ ಪ್ಯಾಕಿಂಗ್ ಅಂದರೆ ಒಂದು ಬಿಲ್ಲೆ ಕೊಟ್ಟು ಎತ್ತುತ್ತೇವೆ. ಹಾಗೆಯೇ ಬೋಳು ತುದಿಯ ಬೋಗಿಯ ಮೇಲೆ ಒಂದು ಮಿಲಿಮೀಟರ್ ದಪ್ಪದ ಉಂಗುರ ಕೊಟ್ಟರೆ ವ್ಯಾಗನ್ ಸಮನಾಗುತ್ತಿತ್ತು. ಇಮಾಮಸಾಬರು ಮೊದಲು ಒಪ್ಪಲಿಲ್ಲ. ಡೊಂಕು ಬಾಗಿಲಿಗೆ ಚಿಂದಿ ತುರುಕಿದ ಹಾಗೆ ಎಂದರು. ಮಾರಿದ ಅರವತ್ತಕ್ಕೆ ಉಂಗುರ, ಮುಂದಿನದಕ್ಕೆ ಹೊಸ ನಕ್ಷೆ ಎಂದು ತೀರ್ಮಾನವಾಯಿತು. ಎರಡು ದಿನದಲ್ಲಿ ಆ ಐದು ಹೆಂಗಸರು ಉಂಗುರ ಕೊಯ್ದು, ಗಾಜಿನ ಮೇಲೆ ಒಂದೊಂದನ್ನೂ ಅಳೆದು, ಲಕೋಟೆಗೆ ಹಾಕಿದರು. ಏರಿನ ಮೇಲೆ ಆರು ವ್ಯಾಗನ್ನನ್ನು ಹೇಗೆ ಹೇಗೋ ತಿರುಗಿಸಿ ಕಟ್ಟಿ ನೂರು ಸಲ ಹತ್ತಿಸಿದೆವು. ಟಕ್ ಸದ್ದು ಬರಲಿಲ್ಲ. ಹೊರಗಿನ ಉಳಿಯ ಸದ್ದು ಮಾತ್ರ ನಡೆದೇ ಇತ್ತು.

ಜೊತೆಗೆ ಹೋಗುವ ಕಾಗದದ ವಿಷಯದಲ್ಲಿ ಸ್ವಲ್ಪ ಜಗ್ಗಾಟ ನಡೆಯಿತು. ಫೋನಿನಲ್ಲಿ ಪುಣೆಯವರು, ಇದನ್ನು ಹೊಸ ಸುಧಾರಣೆ ಎಂದು ಕರೆದು ಕಳಿಸಿಬಿಡಿ, ತಪ್ಪು ಎಂದು ಬರೆಯುವುದೇಕೆ ಎಂದರು. ರಜಿಯಾಳಿಗೂ ಹಾಗೇ ಅನಿಸಿತ್ತು, ಅವಳ ಭಯ ನನಗೆ ಅರ್ಥವಾಗುತ್ತಿತ್ತು. ನಾನು ಪಟ್ಟು ಬಿಡಲಿಲ್ಲ. ಒಂದು ತುದಿ ತುಂಬಿದಾಗ, ಇನ್ನೊಂದು ತುದಿ ಖಾಲಿಯಾದಾಗ ಅಳೆದದ್ದರಿಂದ ಹೀಗಾಯಿತು, ಪರೀಕ್ಷಿಸಿದ ನಾನು ಎರಡೂ ತುದಿ ಅಳೆಯದೆ ಸಹಿ ಹಾಕಿದೆ ಎಂದು ನಾನೇ ಬರೆದು, ಅರವತ್ತು ಪ್ರತಿಗೂ ಸಹಿ ಹಾಕಿದೆ. ಹದಿನಾಲ್ಕನೇ ದಿನ ಪಾರ್ಸಲ್ ಪುಣೆ ಸೇರಿತು.

ಅರವತ್ತರಲ್ಲಿ ಹಿಂದಿರುಗಿ ಬಂದದ್ದು ಮೂರು. ಉಳಿದವರು ಉಂಗುರ ಹಾಕಿಕೊಂಡರು. ಒಬ್ಬರು ನಿವೃತ್ತ ಡಾಕ್ಟರು ಮಾತ್ರ, ಸಿಮೆಂಟ್ ಇಳಿಸುವ ಹೊತ್ತಿಗೆ ಅಳೆದ ವ್ಯಾಗನ್ ಜಗತ್ತಿನಲ್ಲಿ ನನ್ನ ಬಳಿ ಮಾತ್ರ ಇದೆ, ಉಂಗುರ ಹಾಕದೆ ಇಟ್ಟುಕೊಳ್ಳುತ್ತೇನೆ ಎಂದು ಬರೆದರು. ಅದನ್ನು ರಜಿಯಾ ಓದಿ ಹೇಳಿದಾಗ ಇಮಾಮಸಾಬರು ನಕ್ಕದ್ದನ್ನು ಮೊದಲ ಸಲ ನೋಡಿದೆ. ಎರಡು ತಿಂಗಳ ಮೇಲೆ ಇನ್ನೂರರ ಆರ್ಡರು ಬಂತು.

ನೌಕರಿ ಮುಗಿದ ಮೇಲೆ ನೌಕರಿ ಕಲಿಸಿದ ಪಾಠ ಇದು. ಪರೀಕ್ಷೆ ಮಾಡುವವನಿಗೆ ಅರಿಯದ ಸಂಗತಿಯಿಂದ ಆಗುವ ಹಾನಿಗಿಂತ, ಚೆನ್ನಾಗಿ ಗೊತ್ತು ಎಂದು ನೋಡದೆ ಬಿಟ್ಟದ್ದರಿಂದ ಆಗುವ ಹಾನಿ ದೊಡ್ಡದು. ನನ್ನ ಮೂವತ್ತಾರು ವರ್ಷದ ಲೆಕ್ಕವನ್ನು ಈಗ ನಾನು ಯಾರಿಗೂ ಹೇಳುವುದಿಲ್ಲ. ಗಿರಿಜಾಳಿಗೆ ಇದರಿಂದ ಬಹಳ ಉಪಕಾರವಾಗಿದೆ.

ಇನ್ನೂರರ ಮೊದಲ ಕಂತಿಗೆ ಸಹಿ ಹಾಕಲು ಹೋದ ದಿನ ಗಾಜಿನ ಹಲಗೆಯ ಮೇಲೆ ವ್ಯಾಗನ್ ನಿಲ್ಲಿಸಿ, ಬ್ರೇಕ್ ತುದಿ ಅಳೆದು, ಇಪ್ಪತ್ತೆರಡು ಪಾಯಿಂಟ್ ಎಂಟು ಎಂದು ಬರೆದೆ. ಇಮಾಮಸಾಬರು ಹೊರಗಿನಿಂದ ಎದ್ದು ಬಂದು ನನ್ನ ಹಿಂದೆ ನಿಂತಿದ್ದರು. ಪೆನ್ನು ಹಿಡಿದಾಗ ಅವರ ಕೈ ನನ್ನ ಕೈಯ ಮೇಲೆ ಬಂತು.

“ಆ ಕಡಿದು?” ಎಂದರು.

ನಾನು ಪೆನ್ನು ಕೆಳಗಿಟ್ಟು, “ಅಳೀತೀನ್ರಿ” ಎಂದು ವ್ಯಾಗನ್ ತಿರುಗಿಸಿದೆ.